ಕಾರು 'ಒಲ್ಲೆ' ಅಂದಾಗ: ಚಾರ್ಜ್ ಆಗದ ಇ.ವಿ.ಯನ್ನು ಗೋಡೆಯಿಂದ ನೋಡುತ್ತಾ ಬರೋಣ

"ಇಂಜಿನಿಯರಿಂಗ್ ಓದ್ತಿದ್ದೀಯಲ್ಲಪ್ಪಾ, ಈ ಕಾರ್ ಯಾಕೆ ಚಾರ್ಜ್ ಆಗ್ತಿಲ್ಲ ನೋಡು ಸ್ವಲ್ಪ."

ಈ ಮಾತು ನಮ್ಮಲ್ಲಿ ಯಾರ ಕಿವಿಗೂ ಬೀಳಬಹುದು. ಮೊದಲು ಟಿ.ವಿ. ರಿಮೋಟ್, ಆಮೇಲೆ ವೈಫೈ, ಈಗ ಎಲೆಕ್ಟ್ರಿಕ್ ಕಾರು. ನೀವು ಸಿವಿಲ್ ಇರಲಿ, ಕಂಪ್ಯೂಟರ್ ಸೈನ್ಸ್ ಇರಲಿ, ಮಾವನೋ ಪಕ್ಕದ ಮನೆ ಅಂಕಲ್ಲೋ ಕರೆದರೆ ಹೋಗಲೇಬೇಕು. ಹೋಗಿ ಏನು ನೋಡಬೇಕು, ಯಾವುದನ್ನು ಮುಟ್ಟಬಾರದು, ಯಾವಾಗ "ಇದು ನನ್ನ ಕೆಲಸ ಅಲ್ಲ ಅಂಕಲ್, ವೈರ್‌ಮನ್ ಕರೆಸಿ" ಅನ್ನಬೇಕು ಅಂತ ಹೇಳೋದಕ್ಕೇ ಈ ಬರಹ.

ಒಂದು ಮಾತು ಮೊದಲೇ ಹೇಳಿಬಿಡ್ತೀವಿ. ಚಾರ್ಜ್ ಆಗದ ಕಾರು ಕೆಟ್ಟಿದೆ ಅಂತಲೇ ಅರ್ಥ ಅಲ್ಲ. ಎಷ್ಟೋ ಸಲ ಎಲ್ಲಾ ಸರಿಯಾಗಿ ಕೆಲಸ ಮಾಡ್ತಿರೋದರಿಂದಲೇ ಅದು ಚಾರ್ಜ್ ಆಗಲ್ಲ! ಗೋಡೆಯ ಕರೆಂಟಿನಲ್ಲಿ ಏನೋ ತಪ್ಪು ಕಂಡು, ಕೇಬಲ್ಲಿನ ಪೆಟ್ಟಿಗೆಯೋ ಕಾರೋ "ಒಲ್ಲೆ" ಅಂದಿರುತ್ತೆ. ಯಾರು ಒಲ್ಲೆ ಅಂದರು, ಯಾಕೆ ಅಂದರು ಅಂತ ಹುಡುಕೋದು ನಮ್ಮ ಕೆಲಸ. ಹೇಗಾದರೂ ಮಾಡಿ ಅವರ ಬಾಯಿ ಮುಚ್ಚಿಸೋದು ನಮ್ಮ ಕೆಲಸ ಅಲ್ಲ.

ಚಾರ್ಜರ್ ಇರೋದು ಎಲ್ಲಿ?

ಕಾರಿನ ಜೊತೆ ಬರೋ ಕೇಬಲ್ಲಿನ ಮಧ್ಯೆ ಇಟ್ಟಿಗೆ ಗಾತ್ರದ ಒಂದು ಪೆಟ್ಟಿಗೆ ನೇತಾಡ್ತಿರುತ್ತೆ. ಎಲ್ಲರೂ ಅದನ್ನೇ 'ಚಾರ್ಜರ್' ಅಂತಾರೆ. ನಿಜ ಹೇಳಬೇಕು ಅಂದ್ರೆ ಅದು ಚಾರ್ಜರ್ ಅಲ್ಲ, ಬುದ್ಧಿ ಇರೋ ಸ್ವಿಚ್ಚು. ಗೋಡೆಯ ಎ.ಸಿ.ಯನ್ನು ಅದು ಎ.ಸಿ.ಯಾಗಿಯೇ ಕಾರಿಗೆ ಕಳಿಸುತ್ತೆ. ಕಳಿಸೋದಕ್ಕೆ ಮುಂಚೆ ಎಲ್ಲಾ ಸರಿ ಇದೆಯಾ ಅಂತ ನೋಡಿ, ರಿಲೇ ಹಾಕುತ್ತೆ, ಅಷ್ಟೇ.

ನಿಜವಾದ ಚಾರ್ಜರ್ ಕಾರಿನ ಒಳಗಿದೆ. ಅದಕ್ಕೆ ಆನ್‌ಬೋರ್ಡ್ ಚಾರ್ಜರ್ ಅಂತ ಹೆಸರು. ಎ.ಸಿ.ಯನ್ನು ಡಿ.ಸಿ. ಮಾಡಿ, ಬ್ಯಾಟರಿಗೆ ಬೇಕಾದ ವೋಲ್ಟೇಜಿಗೆ ಏರಿಸಿ ಕೊಡೋದು ಅದರ ಕೆಲಸ. ಎಷ್ಟು ಕೊಡಬೇಕು ಅಂತ ಅದಕ್ಕೆ ಹೇಳೋದು ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅಂದರೆ ಬಿ.ಎಂ.ಎಸ್. ಹೆದ್ದಾರಿ ಪಕ್ಕದ ಡಿ.ಸಿ. ಫಾಸ್ಟ್ ಚಾರ್ಜರ್ ಮಾತ್ರ ಬೇರೆ ಥರ. ಅಲ್ಲಿ ಚಾರ್ಜರ್ ಹೊರಗೇ ಇರುತ್ತೆ, ಬೀರುವಿನಷ್ಟು ದೊಡ್ಡದು. ಅದು ಕಾರಿನ ಆನ್‌ಬೋರ್ಡ್ ಚಾರ್ಜರನ್ನು ಬಿಟ್ಟು ನೇರವಾಗಿ ಬ್ಯಾಟರಿಗೆ ಡಿ.ಸಿ. ಕೊಡುತ್ತೆ.

ಇಷ್ಟು ಗೊತ್ತಿದ್ದರೆ ಅರ್ಧ ಪತ್ತೆದಾರಿ ಮುಗಿದ ಹಾಗೆ:

- ಮನೆಯಲ್ಲಿ ಆಗಲ್ಲ, ಬೇರೆ ಮನೆಯ ಪ್ಲಗ್ಗಿನಲ್ಲಿ ಅದೇ ಕೇಬಲ್ಲಿಂದ ಆಗುತ್ತೆ: ತಪ್ಪು ನಿಮ್ಮ ಮನೆಯ ವೈರಿಂಗಿನಲ್ಲಿ.
- ಎಲ್ಲಾ ಪ್ಲಗ್ಗಿನಲ್ಲೂ ಆಗಲ್ಲ, ಆದರೆ ಬೇರೆ ಕೇಬಲ್ ಹಾಕಿದರೆ ಆಗುತ್ತೆ: ತಪ್ಪು ಕೇಬಲ್ ಪೆಟ್ಟಿಗೆಯಲ್ಲಿ.
- ಎ.ಸಿ. ಎಲ್ಲೂ ಆಗಲ್ಲ, ಡಿ.ಸಿ. ಫಾಸ್ಟ್ ಚಾರ್ಜರಿನಲ್ಲಿ ಆಗುತ್ತೆ: ಬ್ಯಾಟರಿ ಚೆನ್ನಾಗಿದೆ, ಆನ್‌ಬೋರ್ಡ್ ಚಾರ್ಜರ್ ಮೇಲೆ ಅನುಮಾನ.
- ಎ.ಸಿ. ಆಗುತ್ತೆ, ಒಂದು ಡಿ.ಸಿ. ಸ್ಟೇಷನ್ನಿನಲ್ಲಿ ಮಾತ್ರ ಆಗಲ್ಲ: ಮೊದಲ ಅನುಮಾನ ಆ ಸ್ಟೇಷನ್ ಮೇಲೆ.
- ಎ.ಸಿ.ಯೂ ಇಲ್ಲ, ಡಿ.ಸಿ.ಯೂ ಇಲ್ಲ: ಕಾರಿನ ಪೋರ್ಟ್, 12 ವೋಲ್ಟಿನ ಸಣ್ಣ ಬ್ಯಾಟರಿ, ಬಿ.ಎಂ.ಎಸ್. ಕಡೆ ನೋಡಿ.

ಲ್ಯಾಬಿನಲ್ಲಿ ಸರ್ಕ್ಯೂಟ್ ಕೆಲಸ ಮಾಡದಿದ್ದಾಗ ನಾವು ಮಾಡೋದೂ ಇದೇ ಅಲ್ವಾ? ಒಂದೊಂದೇ ಭಾಗ ಬದಲಾಯಿಸಿ ನೋಡೋದು. ಒಂದೇ ಸಲ ಎರಡು ಬದಲಾಯಿಸಿದರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

ಮೊದಲ ಐದು ನಿಮಿಷ: ಏನನ್ನೂ ಬಿಚ್ಚಬೇಡಿ

ಸ್ಕ್ರೂಡ್ರೈವರ್ ತೆಗೆಯೋದಕ್ಕೆ ಮುಂಚೆ ಇವನ್ನು ನೋಡಿ. ಸಿಲ್ಲಿ ಅನ್ನಿಸಬಹುದು, ಆದರೂ ನೋಡಿ.

ಕಾರಿನ ಸೆಟ್ಟಿಂಗಿನಲ್ಲೋ ಮೊಬೈಲ್ ಆ್ಯಪಿನಲ್ಲೋ ಯಾರಾದರೂ ಚಾರ್ಜಿಂಗ್ ಟೈಮರ್ ಇಟ್ಟಿದ್ದಾರಾ? ರಾತ್ರಿ ಹನ್ನೊಂದಕ್ಕೆ ಶುರುವಾಗಲಿ ಅಂತ ಇಟ್ಟಿದ್ದರೆ ಸಂಜೆ ಆರಕ್ಕೆ ಕಾರು ಸುಮ್ಮನೇ ಕೂತಿರುತ್ತೆ. 80 ಪರ್ಸೆಂಟಿಗೆ ನಿಲ್ಲಿಸು ಅಂತ ಮಿತಿ ಹಾಕಿದ್ದಾರಾ? ಗೇರ್ ಪಾರ್ಕಿನಲ್ಲಿದೆಯಾ, ಕಾರು ಆಫ್ ಆಗಿದೆಯಾ? ಪ್ಲಗ್ 'ಟಕ್' ಅಂತ ಪೂರ್ತಿ ಕೂತಿದೆಯಾ? ಪೋರ್ಟಿನ ಒಳಗೆ ಧೂಳು, ನೀರು, ಜೇಡರ ಬಲೆ, ಬಗ್ಗಿದ ಪಿನ್ನು, ಕಪ್ಪಾದ ಪಿನ್ನು ಇದೆಯಾ? ಟಾರ್ಚ್ ಹಾಕಿ ಕಣ್ಣಲ್ಲಿ ನೋಡಿ. ಬೆರಳು, ಪಿನ್ನು, ಒದ್ದೆ ಬಟ್ಟೆ ಹಾಕಬೇಡಿ.

ಆಮೇಲೆ ಕೇಬಲ್ ಪೆಟ್ಟಿಗೆಯ ದೀಪಗಳು. ಯಾವ ಬಣ್ಣ, ಎಷ್ಟು ಸಲ ಮಿನುಗುತ್ತೆ ಅಂತ ಮೊಬೈಲಿನಲ್ಲಿ ವೀಡಿಯೋ ಮಾಡಿಕೊಳ್ಳಿ. ಅದರ ಅರ್ಥ ಪೆಟ್ಟಿಗೆಯ ಬೆನ್ನ ಮೇಲೆಯೋ ಮ್ಯಾನ್ಯುಯಲ್ಲಿನಲ್ಲೋ ಇರುತ್ತೆ. ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ಒಂದು ಕಾರಿನ ಅರ್ಥವನ್ನು ಇನ್ನೊಂದಕ್ಕೆ ಹಚ್ಚಬೇಡಿ. ಡ್ಯಾಶ್‌ಬೋರ್ಡಿನ ಸಂದೇಶದ ಫೋಟೋ ಕೂಡ ತೆಗೆದುಕೊಳ್ಳಿ. ಸರ್ವೀಸಿನವರಿಗೆ ಕೊಡೋದಕ್ಕೆ "ಏನೋ ಕೆಂಪು ದೀಪ ಬಂತು ಸಾರ್" ಅನ್ನೋದಕ್ಕಿಂತ ಅದು ಸಾವಿರ ಪಾಲು ಮೇಲು.

ಇನ್ನೊಂದು, ಎಷ್ಟೋ ಜನ ಮರೆಯೋ 12 ವೋಲ್ಟಿನ ಬ್ಯಾಟರಿ. ಎಲೆಕ್ಟ್ರಿಕ್ ಕಾರಿನಲ್ಲೂ ಅದು ಇದೆ. ಬಾಗಿಲ ಲಾಕು, ಡಿಸ್‌ಪ್ಲೇ, ಕಂಟ್ರೋಲ್ ಯೂನಿಟ್ಟು, ದೊಡ್ಡ ಬ್ಯಾಟರಿಯನ್ನು ಜೋಡಿಸೋ ಕಾಂಟ್ಯಾಕ್ಟರ್ ಎಲ್ಲಾ ನಡೆಯೋದು ಅದರಿಂದ. ಅದು ಸತ್ತಿದ್ದರೆ ದೊಡ್ಡ ಬ್ಯಾಟರಿ ಎಷ್ಟೇ ಚೆನ್ನಾಗಿರಲಿ, ಕಾರು ಎದ್ದೇಳಲ್ಲ, ಚಾರ್ಜೂ ತಗೊಳ್ಳಲ್ಲ. ರಿಮೋಟ್ ಒತ್ತಿದರೆ ಬಾಗಿಲು ತೆಗೀತಿಲ್ಲ, ಡಿಸ್‌ಪ್ಲೇ ಮಂಕಾಗಿದೆ ಅಂದ್ರೆ ಮೊದಲು ಇದರ ಮೇಲೆ ಕಣ್ಣಿಡಿ.

ಪ್ಲಗ್ ಹಾಕಿದ ಮೇಲೆ ಒಂದು ಸೆಕೆಂಡಿನಲ್ಲಿ ನಡೆಯೋ ಮಾತುಕತೆ

ಇ.ಸಿ., ಇ.ಇ. ಗೆಳೆಯರಿಗೆ ಇಷ್ಟವಾಗೋ ಭಾಗ ಇದು. ನಮ್ಮಲ್ಲಿನ ಕಾರುಗಳಲ್ಲಿ ಸಾಮಾನ್ಯವಾಗಿ ಕಾಣೋ ಟೈಪ್ 2 ಪ್ಲಗ್ಗಿನಲ್ಲಿ ಏಳು ಪಿನ್ ಜಾಗ ಇದೆ. ಮೂರು ಫೇಸಿಗೆ ಮೂರು, ನ್ಯೂಟ್ರಲ್ ಒಂದು, ಅರ್ಥ್ ಒಂದು, ಉಳಿದ ಎರಡು ಸಣ್ಣವು. ಆ ಸಣ್ಣ ಎರಡೇ ಮಾತಾಡೋ ಪಿನ್ನುಗಳು. ಒಂದು ಪ್ರಾಕ್ಸಿಮಿಟಿ: ಪ್ಲಗ್ ಕೂತಿದೆ, ಈ ಕೇಬಲ್ ಇಷ್ಟು ಆಂಪ್ ತಡೆಯುತ್ತೆ ಅಂತ ಒಂದು ರೆಸಿಸ್ಟರ್ ಮೂಲಕ ಹೇಳುತ್ತೆ. ಇನ್ನೊಂದು ಕಂಟ್ರೋಲ್ ಪೈಲಟ್.

ಪೈಲಟ್ ಕೆಲಸ ಮಾಡೋದು ಹೀಗೆ. ಪೆಟ್ಟಿಗೆ ತನ್ನ ಒಳಗಿನ 1 ಕಿಲೋ ಓಮ್ ರೆಸಿಸ್ಟರ್ ಮೂಲಕ 12 ವೋಲ್ಟ್ ಇಡುತ್ತೆ. ಕಾರು ಇಲ್ಲದಾಗ ಅಲ್ಲಿ 12 ವೋಲ್ಟೇ ಇರುತ್ತೆ. ಕಾರಿಗೆ ಚುಚ್ಚಿದ ತಕ್ಷಣ, ಕಾರಿನೊಳಗಿನ ಒಂದು ಡಯೋಡು ಮತ್ತು 2.74 ಕಿಲೋ ಓಮ್ ರೆಸಿಸ್ಟರ್ ಸೇರಿಕೊಂಡು ಅದು 9 ವೋಲ್ಟಿಗೆ ಇಳಿಯುತ್ತೆ. ವೋಲ್ಟೇಜ್ ಡಿವೈಡರ್ ಲೆಕ್ಕ ಹಾಕಿ ನೋಡಿ, ಡಯೋಡಿನ 0.7 ವೋಲ್ಟ್ ಸೇರಿಸಿದರೆ 8.98 ಬರುತ್ತೆ. ಪೆಟ್ಟಿಗೆಗೆ "ಕಾರು ಬಂದಿದೆ" ಅಂತ ಗೊತ್ತಾಯ್ತು. ಈಗ ಅದು ಪ್ಲಸ್ 12, ಮೈನಸ್ 12ರ ನಡುವೆ 1 ಕಿಲೋಹರ್ಟ್ಸ್ ಚೌಕ ಅಲೆ ಶುರುಮಾಡುತ್ತೆ. ಆ ಅಲೆಯ ಡ್ಯೂಟಿ ಸೈಕಲ್ಲೇ ಸಂದೇಶ. ಪರ್ಸೆಂಟನ್ನು 0.6ರಿಂದ ಗುಣಿಸಿದರೆ ಆಂಪ್ ಬರುತ್ತೆ. 16.7 ಪರ್ಸೆಂಟ್ ಅಂದ್ರೆ "10 ಆಂಪಿಗಿಂತ ಜಾಸ್ತಿ ಎಳೀಬೇಡ", 26.7 ಪರ್ಸೆಂಟ್ ಅಂದ್ರೆ 16 ಆಂಪ್, 53.3 ಅಂದ್ರೆ 32 ಆಂಪ್.

ಕಾರು ತಯಾರಾದರೆ ಇನ್ನೊಂದು ರೆಸಿಸ್ಟರ್ ಸೇರಿಸುತ್ತೆ. ಒಟ್ಟು ರೋಧ 882 ಓಮ್ ಆಗಿ, ಅಲೆಯ ಮೇಲಿನ ತುದಿ 6 ವೋಲ್ಟಿಗೆ ಇಳಿಯುತ್ತೆ. ಆಗ ಪೆಟ್ಟಿಗೆಯ ರಿಲೇ 'ಟಕ್' ಅನ್ನುತ್ತೆ, 230 ವೋಲ್ಟ್ ಹರಿಯುತ್ತೆ. ಅಲ್ಲಿಯವರೆಗೆ ಪ್ಲಗ್ಗಿನ ದಪ್ಪ ಪಿನ್ನುಗಳಲ್ಲಿ ಕರೆಂಟೇ ಇರಲ್ಲ.

ಡಯೋಡ್ ಯಾಕೆ ಬೇಕಿತ್ತು? ಇಲ್ಲಿದೆ ನೋಡಿ ಜಾಣತನ. ಮಳೆನೀರು ಬಿದ್ದು ಪೈಲಟ್ ಮತ್ತು ಅರ್ಥ್ ಪಿನ್ ನಡುವೆ ಸೋರಿಕೆ ಆದರೆ, ಅದೂ ಒಂದು ರೆಸಿಸ್ಟರ್ ಥರಾನೇ ಕಾಣುತ್ತೆ. ಆದರೆ ನೀರಿಗೆ ಪ್ಲಸ್ಸು, ಮೈನಸ್ಸು ಎರಡೂ ಒಂದೇ, ಎರಡು ತುದಿಯನ್ನೂ ಇಳಿಸಿಬಿಡುತ್ತೆ. ಡಯೋಡ್ ಇರೋ ಕಾರು ಮೇಲಿನ ತುದಿಯನ್ನು ಮಾತ್ರ ಇಳಿಸುತ್ತೆ, ಕೆಳಗಿನದು ಮೈನಸ್ 12ರಲ್ಲೇ ನಿಲ್ಲುತ್ತೆ. ಹಾಗೆ ಪೆಟ್ಟಿಗೆ ಕಾರನ್ನೂ ನೀರನ್ನೂ ಬೇರೆ ಮಾಡಿ ಗುರುತಿಸುತ್ತೆ.

ಇದರಲ್ಲಿ ಒಂದು ಅಂಶ ಮನಸ್ಸಿನಲ್ಲಿಡಿ. ಪೈಲಟ್ ಸಿಗ್ನಲ್ ವಾಪಸ್ ಬರೋದು ಅರ್ಥ್ ತಂತಿಯಿಂದಲೇ. ಕೇಬಲ್ಲಿನ ಅರ್ಥ್ ಕಿತ್ತುಹೋಗಿದ್ದರೆ ಮಾತುಕತೆಯೇ ಸಾಧ್ಯ ಇಲ್ಲ, ಚಾರ್ಜೂ ಇಲ್ಲ. ಈ ವ್ಯವಸ್ಥೆ ಮಾಡಿದವರಿಗೆ ಅರ್ಥಿಂಗ್ ಎಷ್ಟು ಮುಖ್ಯ ಅಂತ ಇದರಿಂದಲೇ ಗೊತ್ತಾಗುತ್ತೆ.

ಗೋಡೆ: ಗೀಸರ್ ಲೈನಿನ ಮೇಲೆ ಕಾರಿನ ಭಾರ

ಈಗ ಗೋಡೆಗೆ ಬರೋಣ. ನಮ್ಮೂರಿನ ಪಿ.ಜೆ. ಬಡಾವಣೆಯನ್ನೇ ತಗೊಳ್ಳಿ. ರಾಮ್ ಅಂಡ್ ಕೋ ಸರ್ಕಲ್ಲಿನ ಸುತ್ತಮುತ್ತ ಒಂದು ರೌಂಡ್ ಹೊಡೆದರೆ ಹಳೆ ಮನೆ, ಹೊಸ ಅಪಾರ್ಟ್‌ಮೆಂಟ್, ಕೆಳಗೆ ಕ್ಲಿನಿಕ್ ಮೇಲೆ ಮನೆ, ಎಲ್ಲಾ ನಮೂನೆ ಕಾಣುತ್ತೆ. ಅದರಲ್ಲಿ ನಲವತ್ತು ವರ್ಷದ ಒಂದು ಮನೆ ಅಂತ ಊಹಿಸಿಕೊಳ್ಳಿ. ಕಟ್ಟಿದಾಗ ವೈರಿಂಗ್ ಮಾಡಿದ್ದು ಬಲ್ಬು, ಫ್ಯಾನು, ರೇಡಿಯೋಗೆ. ಆಮೇಲೆ ಗೀಸರ್ ಬಂತು, ಒಂದು ಪವರ್ ಪ್ಲಗ್ ಹಾಕಿಸಿದರು. ಈಗ ಕಾರು ಬಂತು, ಗೀಸರ್ ಲೈನಿಂದಲೇ ಒಂದು ವೈರ್ ಎಳೆದು ಪೋರ್ಟಿಕೋಗೆ ಇನ್ನೊಂದು ಪವರ್ ಪ್ಲಗ್ ಕೊಟ್ಟರು. ಹೀಗೆ ಮಾಡಿದ ಮನೆ ಎಲ್ಲಾ ಊರಲ್ಲೂ ಸಿಗುತ್ತೆ.

ಗೀಸರ್ ಎಳೆಯೋದು ಇಪ್ಪತ್ತು ನಿಮಿಷ. ಕಾರು ಹಾಗಲ್ಲ. 2020ರಲ್ಲಿ ಬಂದ ಮೊದಲ ನೆಕ್ಸಾನ್ ಇ.ವಿ.ಯ ಬ್ಯಾಟರಿ 30.2 ಕಿಲೋವ್ಯಾಟ್ ಅವರ್. ಮನೆಯ ಪವರ್ ಪ್ಲಗ್ಗಿನಿಂದ 230 ವೋಲ್ಟ್, 15 ಆಂಪ್ ಅಂದ್ರೆ ಸುಮಾರು 3.4 ಕಿಲೋವ್ಯಾಟ್. ಖಾಲಿಯಿಂದ ತುಂಬಿಸೋದಕ್ಕೆ ಲೆಕ್ಕದ ಪ್ರಕಾರವೇ ಒಂಬತ್ತು ಗಂಟೆ, ನಷ್ಟ ಸೇರಿಸಿದರೆ ಇನ್ನೂ ಜಾಸ್ತಿ. ರಾತ್ರಿಯಿಡೀ ಒಂದೇ ಪ್ಲಗ್ಗಿನಲ್ಲಿ 15 ಆಂಪ್!

ಈಗ ಓಮ್ ನಿಯಮ ಹಾಕೋಣ. 1.5 ಚದರ ಮಿಲಿಮೀಟರ್ ತಾಮ್ರದ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 12 ಓಮ್. ಮೀಟರ್ ಬೋರ್ಡಿನಿಂದ ಪೋರ್ಟಿಕೋಗೆ 30 ಮೀಟರ್ ಅಂದ್ರೆ ಹೋಗಿಬರೋಕೆ 60 ಮೀಟರ್, ಸುಮಾರು 0.73 ಓಮ್. 15 ಆಂಪಿಗೆ 11 ವೋಲ್ಟ್ ಅಲ್ಲೇ ಬೀಳುತ್ತೆ, 160 ವ್ಯಾಟಿನಷ್ಟು ಶಾಖ ಗೋಡೆಯೊಳಗಿನ ಪೈಪಿನಲ್ಲಿ ಹುಟ್ಟುತ್ತೆ. ತಂತಿಯುದ್ದಕ್ಕೂ ಹಂಚಿಹೋಗೋದರಿಂದ ತಕ್ಷಣ ಕಾಣಲ್ಲ. ಸಂಜೆ ಬೀದಿಯ ಎಲ್ಲಾ ಮನೆಯಲ್ಲೂ ಎ.ಸಿ., ಮೋಟರ್ ನಡೀತಿರುವಾಗ ಮೊದಲೇ ವೋಲ್ಟೇಜ್ ಕಮ್ಮಿ ಇದ್ದರೆ, ಇದೂ ಸೇರಿ ಇನ್ನೂ ಇಳಿಯುತ್ತೆ. ಆಗ ಕಾರು ಐದು ನಿಮಿಷ ಚಾರ್ಜ್ ತಗೊಂಡು ನಿಲ್ಲಿಸುತ್ತೆ. ಲೋಡ್ ಹೋದ ಕೂಡಲೇ ವೋಲ್ಟೇಜ್ ಏರುತ್ತೆ, ಮತ್ತೆ ಶುರುಮಾಡುತ್ತೆ, ಮತ್ತೆ ನಿಲ್ಲುತ್ತೆ. "ಆಗುತ್ತೆ, ನಿಲ್ಲುತ್ತೆ" ಅನ್ನೋ ದೂರಿಗೆ ಇದು ದೊಡ್ಡ ಕಾರಣ. ಕಾರು ಚಾರ್ಜ್ ಆಗ್ತಿರುವಾಗಿನ ವೋಲ್ಟೇಜ್ ನೋಡಿದರೆ ಮಾತ್ರ ಇದು ಸಿಗುತ್ತೆ. ಸುಮ್ಮನಿರುವಾಗ ಅಳೆದರೆ 230 ಅಂತ ತೋರಿಸಿ ನಮ್ಮನ್ನ ಮಂಗ ಮಾಡುತ್ತೆ.

ಇದಕ್ಕಿಂತ ಅಪಾಯ ಲೂಸ್ ಕಾಂಟ್ಯಾಕ್ಟ್. ಪ್ಲಗ್ ಪಾಯಿಂಟಿನ ಒಂದು ಸ್ಕ್ರೂ ಸಡಿಲವಾಗಿ 0.2 ಓಮ್ ರೋಧ ಹುಟ್ಟಿತು ಅಂದುಕೊಳ್ಳಿ. 15 ಆಂಪಿನ ವರ್ಗ ಗುಣಿಸು 0.2, ಅಂದರೆ 45 ವ್ಯಾಟ್. ನಮ್ಮ ಲ್ಯಾಬಿನ ಸೋಲ್ಡರಿಂಗ್ ಐರನ್ 25 ವ್ಯಾಟ್ ಇರುತ್ತೆ, ಅದಕ್ಕೇ ಸೀಸ ಕರಗುತ್ತೆ. ಅದರ ಸುಮಾರು ಎರಡರಷ್ಟು ಶಾಖ, ಒಂದು ಸ್ಕ್ರೂ ಮೇಲೆ, ರಾತ್ರಿಯಿಡೀ! ಎಂ.ಸಿ.ಬಿ.ಗೆ ಇದು ಕಾಣೋದೇ ಇಲ್ಲ, ಯಾಕಂದ್ರೆ ಕರೆಂಟ್ ಜಾಸ್ತಿ ಆಗಿಲ್ಲ. ಹಾಗಾಗಿ ಕೆಲವು ಕೇಬಲ್ಲುಗಳ ಪ್ಲಗ್ಗಿನೊಳಗೇ ಶಾಖ ಅಳೆಯೋ ಸೆನ್ಸರ್ ಇರುತ್ತೆ. ಬಿಸಿ ಜಾಸ್ತಿಯಾದರೆ ಪೆಟ್ಟಿಗೆ ನಿಲ್ಲಿಸುತ್ತೆ. ಅರ್ಧ ಗಂಟೆ ಚಾರ್ಜ್ ಆದ ಮೇಲೆ ನಿಂತರೆ, ಮೊದಲು ಸ್ವಿಚ್ ಆಫ್ ಮಾಡಿ, ಆಮೇಲೆ ಪ್ಲಗ್ಗಿನ ಮೇಲ್ಮೈಯನ್ನು ಕೈ ಹಿಂಬದಿಯಿಂದ ಮುಟ್ಟಿ ನೋಡಿ. ಕೈ ಇಡೋಕಾಗದಷ್ಟು ಬಿಸಿ, ಸುಟ್ಟ ವಾಸನೆ, ಕಂದು ಕಲೆ ಏನೇ ಇದ್ದರೂ ಆ ಪಾಯಿಂಟ್ ಇನ್ನು ಬಳಸಬೇಡಿ. ಎಕ್ಸ್‌ಟೆನ್ಷನ್ ಬಾಕ್ಸು, ಮಲ್ಟಿಪ್ಲಗ್ಗು ಹಾಕಿದ್ದರೆ ಈ ಕಥೆ ಇನ್ನೂ ಬೇಗ ಮುಗಿಯುತ್ತೆ.

ಅರ್ಥಿಂಗ್: ಇಲ್ಲೇ ಇರೋದು ಅಸಲು ವಿಷಯ

ಪೆಟ್ಟಿಗೆಯಲ್ಲಿ ಅರ್ಥ್ ದೋಷದ ದೀಪ ಬಂತು ಅಂದರೆ ಜನ ಹೇಳೋದು ಒಂದೇ: "ಟಿ.ವಿ. ನಡೀತದೆ, ಫ್ರಿಜ್ ನಡೀತದೆ, ಮಿಕ್ಸಿ ನಡೀತದೆ. ಈ ಕಾರಿಗೇನು ಕೇಡು?" ನಿಜ, ಅವೆಲ್ಲಾ ನಡೆಯುತ್ತೆ. ಯಾಕಂದ್ರೆ ಅವು ಅರ್ಥ್ ಇದೆಯಾ ಅಂತ ಕೇಳೋದೇ ಇಲ್ಲ. ಕೇಬಲ್ ಪೆಟ್ಟಿಗೆ ಕೇಳುತ್ತೆ. ಹಾಗಾಗಿ ಎಷ್ಟೋ ಮನೆಯಲ್ಲಿ "ಅರ್ಥ್ ಇಲ್ಲ" ಅಂತ ಮೊದಲು ಹೇಳಿದ್ದೇ ಕಾರು.

ಅರ್ಥ್ ಯಾಕೆ ಇರಲ್ಲ? ಪ್ಲಗ್ಗಿಗೆ ಮೂರು ತೂತಿದ್ದರೂ ಹಿಂದೆ ಎರಡೇ ತಂತಿ ಬಂದಿರಬಹುದು. ಅರ್ಥ್ ತಂತಿ ಇದ್ದರೂ ಬೋರ್ಡಿನಲ್ಲಿ ಯಾವುದಕ್ಕೂ ಸೇರಿಸಿರಲ್ಲ. ಸೇರಿಸಿದ್ದರೂ ಅಂಗಳದ ಅರ್ಥ್ ಗುಂಡಿಯ ಮೇಲೆ ಟೈಲ್ಸ್ ಹಾಕಿ, ವರ್ಷಗಟ್ಟಲೆ ನೀರೇ ಹಾಕದೆ, ಒಳಗಿನ ಪೈಪು ತುಕ್ಕು ಹಿಡಿದಿರುತ್ತೆ. ಮಣ್ಣು ಒಣಗಿದರೆ ಅದರ ರೋಧ ಏರುತ್ತೆ. ನಮ್ಮ ಕಡೆ ಏಪ್ರಿಲ್ಲಿನಲ್ಲಿ ಎರೆಮಣ್ಣು ಬಿರುಕು ಬಿಡೋದನ್ನು ನೋಡಿದ್ದೀರಲ್ಲ. ಮಳೆಗಾಲದಲ್ಲಿ ಚಾರ್ಜ್ ಆಗ್ತಿದ್ದ ಕಾರು ಬೇಸಿಗೆಯಲ್ಲಿ ಒಲ್ಲೆ ಅಂದರೆ ಗುಂಡಿ ಕಡೆ ನೋಡಿ.

ಅಳತೆ ಮೂರು. ಪ್ಲಗ್ಗಿನ ಎದುರು ನಿಂತರೆ ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್ ಇರಬೇಕು.

1. ಫೇಸ್–ನ್ಯೂಟ್ರಲ್: 230ರ ಆಸುಪಾಸು.
2. ಫೇಸ್–ಅರ್ಥ್: ಹೆಚ್ಚು ಕಮ್ಮಿ ಅಷ್ಟೇ.
3. ನ್ಯೂಟ್ರಲ್–ಅರ್ಥ್: ಕೆಲವೇ ವೋಲ್ಟ್.

ಎರಡನೆಯದು 100, 120 ಅಂತ ತೇಲಾಡ್ತಿದ್ದರೆ ಅರ್ಥ್ ಎಲ್ಲಿಗೂ ಸೇರಿಲ್ಲ ಅಂತ ಅನುಮಾನ ಪಡಿ. ಎಡದ ತೂತಿನಿಂದ ಅರ್ಥಿಗೆ 230 ತೋರಿಸಿದರೆ ಫೇಸು, ನ್ಯೂಟ್ರಲ್ಲು ಅದಲು ಬದಲು. ಕೆಲವು ಪೆಟ್ಟಿಗೆ ಅದಕ್ಕೂ ಒಲ್ಲೆ ಅನ್ನುತ್ತೆ. ಮೂರೂ ಸರಿ ಬಂದರೂ ಅರ್ಥ್ ಗಟ್ಟಿ ಅಂತ ಹೇಳೋಕಾಗಲ್ಲ, ಯಾಕಂದ್ರೆ ಮಲ್ಟಿಮೀಟರಿನ ಒಳರೋಧ ಮೆಗಾ ಓಮ್‌ಗಳಲ್ಲಿದೆ, ಎಳೆ ಸಿಕ್ಕರೂ ಸಾಕು ಅದು ವೋಲ್ಟ್ ತೋರಿಸುತ್ತೆ. ಗುಂಡಿಯ ನಿಜವಾದ ರೋಧ ಅಳೆಯೋದಕ್ಕೆ ಅರ್ಥ್ ಟೆಸ್ಟರ್ ಬೇಕು, ಅದು ಲೈಸೆನ್ಸ್ ಇರೋ ವೈರ್‌ಮನ್ ಕೆಲಸ.

ಅಳೆಯೋರಿಗೂ ಒಂದು ಎಚ್ಚರಿಕೆ. ಲ್ಯಾಬಿನಲ್ಲಿ ಕರೆಂಟ್ ಅಳೆದು ಕೆಂಪು ಪ್ರೋಬನ್ನು 10 ಆಂಪ್ ತೂತಿನಲ್ಲೇ ಬಿಟ್ಟಿರ್ತೀವಿ. ಅದೇ ಮೀಟರನ್ನು ಗೋಡೆಗೆ ಹಾಕಿದರೆ ನೇರ ಶಾರ್ಟ್ ಸರ್ಕ್ಯೂಟ್, ಕೈಯಲ್ಲೇ ಸಿಡಿಯುತ್ತೆ. ಹಾಗಾಗಿ ಮೊದಲ ಸಲ ಒಬ್ಬರೇ ಅಳೆಯಬೇಡಿ. ಲ್ಯಾಬ್ ಇನ್‌ಸ್ಟ್ರಕ್ಟರನ್ನೋ ವೈರ್‌ಮನ್ ಅಣ್ಣನನ್ನೋ ಪಕ್ಕದಲ್ಲಿಟ್ಟುಕೊಂಡು ಕಲಿಯಿರಿ.

'ಒಂದು ತುಂಡು ವೈರ್ ಹಾಕಿದ್ರೆ ಆಯ್ತು' ಅನ್ನೋ ಮಾತು

ಅರ್ಥ್ ಇಲ್ಲ ಅಂತ ಗೊತ್ತಾದ ಮೇಲೆ ಯಾರೋ ಒಬ್ಬರು ಬಂದು ಹೇಳ್ತಾರೆ: "ನ್ಯೂಟ್ರಲ್ಲಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಹಾಕು ತಮ್ಮಾ, ಚಾರ್ಜ್ ಆಗ್ತದೆ." ಕೆಟ್ಟ ಸುದ್ದಿ ಏನಪ್ಪಾ ಅಂದ್ರೆ, ನಿಜವಾಗಲೂ ಆಗುತ್ತೆ. ಪೆಟ್ಟಿಗೆ ನೋಡೋದು ಫೇಸ್–ಅರ್ಥ್ ನಡುವಿನ ವೋಲ್ಟೇಜನ್ನು. ತುಂಡು ವೈರಿನಿಂದ ಅದು 230 ಆಗಿಬಿಡುತ್ತೆ, ಹಸಿರು ದೀಪ ಬರುತ್ತೆ, ಎಲ್ಲರಿಗೂ ಖುಷಿ.

ಈಗ ಸರ್ಕ್ಯೂಟ್ ಬರೆದು ನೋಡಿ. ಒಂದು ದಿನ ಮೀಟರ್ ಬೋರ್ಡಿನಲ್ಲೋ ಕಂಬದಲ್ಲೋ ನ್ಯೂಟ್ರಲ್ ಕಿತ್ತುಹೋಯ್ತು. ಫೇಸ್ ಇನ್ನೂ ಬರ್ತಿದೆ. ಅದು ಮನೆಯ ಯಾವುದೋ ಬಲ್ಬು, ಫ್ಯಾನಿನ ಮೂಲಕ ನ್ಯೂಟ್ರಲ್ ತಂತಿಗೆ ಬರುತ್ತೆ. ಮುಂದೆ ಹೋಗೋಕೆ ದಾರಿ ಇಲ್ಲ. ತುಂಡು ವೈರಿನ ಮೂಲಕ ಅರ್ಥ್ ಪಿನ್ನಿಗೆ ಬರುತ್ತೆ, ಅಲ್ಲಿಂದ ಕಾರಿನ ಬಾಡಿಗೆ. ಕಾರು ನಿಂತಿರೋದು ರಬ್ಬರ್ ಟೈರಿನ ಮೇಲೆ, ನೆಲಕ್ಕೆ ದಾರಿ ಇಲ್ಲ. ಇಡೀ ಕಾರು 230 ವೋಲ್ಟಿನ ಹತ್ತಿರ ನಿಂತು ಕಾಯ್ತಾ ಇರುತ್ತೆ. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ, ಬರಿಗಾಲಲ್ಲಿ ಬಂದು ಬಾಗಿಲ ಹಿಡಿಕೆ ಮುಟ್ಟಿದವರೇ ಆ ದಾರಿ.

ಒದ್ದೆ ಮೈಯ ರೋಧ 1500 ಓಮ್ ಅಂತ ಇಟ್ಟುಕೊಂಡರೂ ಮೈಯಲ್ಲಿ 150 ಮಿಲಿಆಂಪ್ ಹರಿಯುತ್ತೆ. ಜೀವ ಉಳಿಸೋ ಆರ್.ಸಿ.ಸಿ.ಬಿ. 30 ಮಿಲಿಆಂಪಿಗೇ ಕಟ್ ಮಾಡಬೇಕು ಅಂತ ಇಟ್ಟಿರೋದು ಯಾಕೆ ಅಂತ ಈಗ ತಿಳೀತಲ್ಲ. ಆದರೆ ನ್ಯೂಟ್ರಲ್ಲನ್ನು ಅರ್ಥಿಗೆ ಸೇರಿಸಿದ ಮನೆಯಲ್ಲಿ, ಗುಂಡಿಗೂ ಸ್ವಲ್ಪ ಸಂಪರ್ಕ ಇದ್ದರೆ, ಆರ್.ಸಿ.ಸಿ.ಬಿ. ಮೇಲಿಂದ ಮೇಲೆ ಟ್ರಿಪ್ ಆಗುತ್ತೆ. ಆಗ ಅದೇ ಮನುಷ್ಯ "ಇದನ್ನೂ ತೆಗೆದುಬಿಡು" ಅಂತಾನೆ! ಇನ್ನು ಫೇಸು, ನ್ಯೂಟ್ರಲ್ಲು ಅದಲು ಬದಲಾದ ಪ್ಲಗ್ಗಿಗೆ ಈ ತುಂಡು ವೈರ್ ಹಾಕಿದರೆ ನ್ಯೂಟ್ರಲ್ ಕಿತ್ತುಹೋಗೋವರೆಗೆ ಕಾಯಬೇಕಿಲ್ಲ. ಆ ಕ್ಷಣವೇ ಕಾರಿನ ಬಾಡಿ ಫೇಸ್.

ಇನ್ನೊಂದು ಲೆಕ್ಕ, ಇ.ಇ.ಯವರ ವೈವಾಕ್ಕೂ ಬರುತ್ತೆ. ಮನೆಯ ಗುಂಡಿಯನ್ನು ಮಾತ್ರ ನಂಬಿದ್ದೀವಿ, ಅದರ ರೋಧ 20 ಓಮ್ ಅಂತಿಟ್ಟುಕೊಳ್ಳಿ. ಫೇಸ್ ಬಾಡಿಗೆ ತಗುಲಿದರೆ ಹರಿಯೋದು 230 ಭಾಗಿಸು 20, ಅಂದರೆ 11.5 ಆಂಪ್. 16 ಆಂಪಿನ ಎಂ.ಸಿ.ಬಿ. ಇದಕ್ಕೆ ಅಲುಗಾಡೋದೂ ಇಲ್ಲ. ಅಂದರೆ ಅರ್ಥ್ ಇದ್ದರೂ ಎಂ.ಸಿ.ಬಿ. ಒಂದೇ ಸಾಲದು, ಕಾರಿನ ಲೈನಿಗೆ ಆರ್.ಸಿ.ಸಿ.ಬಿ. ಬೇಕೇ ಬೇಕು.

ಸರಿಯಾದ ದಾರಿ ಇಷ್ಟೇ. ಮೀಟರ್ ಬೋರ್ಡಿನಿಂದ ಕಾರಿಗೇ ಅಂತ ಪ್ರತ್ಯೇಕ ಲೈನ್, ಅದರ ಭಾರಕ್ಕೆ ತಕ್ಕ ದಪ್ಪದ ತಾಮ್ರದ ತಂತಿ, ಅದಕ್ಕೇ ಎಂ.ಸಿ.ಬಿ. ಮತ್ತು ಆರ್.ಸಿ.ಸಿ.ಬಿ., ಒಳ್ಳೆ ಕಂಪನಿಯ ಪವರ್ ಪ್ಲಗ್, ಟೆಸ್ಟ್ ಮಾಡಿದ ಅರ್ಥ್ ಗುಂಡಿ. ಖರ್ಚು ಇದೆ, ನಿಜ. ಆದರೆ ಅಷ್ಟು ಬೆಲೆಯ ಕಾರು ತಗೊಂಡವರಿಗೆ ಇದು ಹೊರೆ ಅಲ್ಲ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಆ ಮೂರು ಅಳತೆ ತೋರಿಸಿ ಮಾತಾಡಿ. ಇದು ಬರೀ ಕಾರಿನ ವಿಷಯ ಅಲ್ಲ, ಅದೇ ಅರ್ಥಿನ ಮೇಲೆ ಗೀಸರ್, ವಾಷಿಂಗ್ ಮಷೀನ್ ಕೂಡ ಇದೆ.

ಕರೆಂಟ್ ಹೋದಾಗ

ಅಪಾರ್ಟ್‌ಮೆಂಟಿನ ಜನರೇಟರ್ ಶುರುವಾದ ಕೂಡಲೇ ಚಾರ್ಜಿಂಗ್ ನಿಲ್ಲುತ್ತೆ ಅನ್ನೋದು ಇನ್ನೊಂದು ಸಾಮಾನ್ಯ ದೂರು. ಜನರೇಟರಿನ ನ್ಯೂಟ್ರಲ್ಲನ್ನು ಅದರ ಬುಡದಲ್ಲಿ ಅರ್ಥಿಗೆ ಸೇರಿಸದಿದ್ದರೆ ಫೇಸ್–ಅರ್ಥ್ ವೋಲ್ಟೇಜ್ ತೇಲಾಡುತ್ತೆ, ಪೆಟ್ಟಿಗೆ ಅರ್ಥ್ ಇಲ್ಲ ಅಂತ ತಿಳಿಯುತ್ತೆ. ಅದನ್ನು ಸರಿಮಾಡಬೇಕಾದ್ದು ಜನರೇಟರ್ ಹತ್ತಿರ, ಪ್ಲಗ್ ಹತ್ತಿರ ಅಲ್ಲ. ಮನೆಯ ಇನ್ವರ್ಟರ್ ವಿಷಯ ಹೇಳೋದೇ ಬೇಡ. ಫ್ಯಾನು, ಲೈಟಿಗೆ ಅಂತ ತಂದ ಒಂದು ಕಿಲೋವ್ಯಾಟಿನ ಒಳಗಿನ ಪೆಟ್ಟಿಗೆ ಮೂರು ಕಿಲೋವ್ಯಾಟ್ ಕೊಡೋಕಾಗಲ್ಲ.

ಹೆದ್ದಾರಿಯಲ್ಲಿ ಒಲ್ಲೆ ಅಂದರೆ

ದಾವಣಗೆರೆಯಿಂದ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 260 ಕಿಲೋಮೀಟರ್. ಮಧ್ಯೆ ಡಿ.ಸಿ. ಚಾರ್ಜರ್ ಕೈಕೊಟ್ಟರೆ ಏನು ನೋಡಬೇಕು?

ಡಿ.ಸಿ.ಯಲ್ಲೂ ಅದೇ ಪೈಲಟ್ ತಂತಿ. ಆದರೆ ಇಲ್ಲಿ ಡ್ಯೂಟಿ ಸೈಕಲ್ 5 ಪರ್ಸೆಂಟ್. "ಇನ್ನು ಮೇಲೆ ಡಿಜಿಟಲ್ಲಾಗಿ ಮಾತಾಡೋಣ" ಅಂತ ಅದರ ಅರ್ಥ. ಅದೇ ತಂತಿಯ ಮೇಲೆ ಕಾರು ಮತ್ತು ಸ್ಟೇಷನ್ ಡೇಟಾ ಹಂಚಿಕೊಳ್ಳುತ್ತೆ: ಬ್ಯಾಟರಿ ವೋಲ್ಟೇಜ್ ಎಷ್ಟು, ಎಷ್ಟು ಆಂಪ್ ತಡೆಯುತ್ತೆ ಅಂತೆಲ್ಲಾ. ಆಮೇಲೆ ಸ್ಟೇಷನ್ ಕೇಬಲ್ಲಿನ ಇನ್ಸುಲೇಷನ್ ಪರೀಕ್ಷೆ ಮಾಡುತ್ತೆ. ಅದರಲ್ಲಿ ಪಾಸಾದರೆ ಮಾತ್ರ ಕಾಂಟ್ಯಾಕ್ಟರ್ ಮುಚ್ಚುತ್ತೆ. ಇದರಲ್ಲಿ ಯಾವ ಹೆಜ್ಜೆ ತಪ್ಪಿದರೂ ಪರದೆಯಲ್ಲಿ ಬರೋದು ಒಂದೇ, ಚಾರ್ಜಿಂಗ್ ವಿಫಲ.

ಮಾಡಬೇಕಾದ್ದು: ಕೆಂಪು ಎಮರ್ಜೆನ್ಸಿ ಬಟನ್ ಒಳಗೆ ಒತ್ತಿಕೊಂಡಿದೆಯಾ ನೋಡಿ. ಆ್ಯಪಿನಲ್ಲಿ ಹಣ, ನೆಟ್‌ವರ್ಕ್ ನೋಡಿ. ಹಳೆ ಸೆಷನ್ ಮುಗಿಸಿ, ಗನ್ ತೆಗೆದು, ಕಾರು ಲಾಕ್ ಮಾಡಿ ಎರಡು ಮೂರು ನಿಮಿಷ ಬಿಡಿ, ಮತ್ತೆ ಶುರುಮಾಡಿ. ದಪ್ಪ ಕೇಬಲ್ಲಿನ ಭಾರಕ್ಕೆ ಗನ್ ಜೋತುಬಿದ್ದು ಸಣ್ಣ ಪಿನ್ನಿಗೆ ಸರಿಯಾಗಿ ತಾಗದೆ ಇರಬಹುದು; ಮಾತುಕತೆ ಮುಗಿಯೋವರೆಗೆ ಗನ್ನನ್ನು ಸ್ವಲ್ಪ ಮೇಲಕ್ಕೆ ಆಧಾರ ಕೊಟ್ಟು ಹಿಡಿಯಿರಿ. ಇನ್ನೊಂದು ಗನ್ ಇದ್ದರೆ ಅದನ್ನು ನೋಡಿ. ಇನ್ನೂ ಆಗದಿದ್ದರೆ ಮುಂದಿನ ಸ್ಟೇಷನ್. ಬ್ಯಾಟರಿ ಐದು ಪರ್ಸೆಂಟಿಗೆ ಬರೋವರೆಗೆ ಕಾಯದೆ, ಮುಂದಿನ ಸ್ಟೇಷನ್ನಿಗೂ ಸಾಲುವಷ್ಟು ಇಟ್ಟುಕೊಂಡೇ ನಿಲ್ಲಿಸೋದು ಜಾಣತನ.

ಚಾರ್ಜ್ ಆಗ್ತಿದೆ, ಆದರೆ ನಿಧಾನ ಅನ್ನೋದು ದೋಷ ಅಲ್ಲದೆಯೂ ಇರಬಹುದು. ಮಧ್ಯಾಹ್ನದ ಬಿಸಿಲಲ್ಲಿ ಜೋರಾಗಿ ಓಡಿಸಿ ಬಂದ ಬ್ಯಾಟರಿ ಕಾದಿರುತ್ತೆ, ಬಿ.ಎಂ.ಎಸ್. ಕರೆಂಟ್ ಇಳಿಸುತ್ತೆ. 80 ಪರ್ಸೆಂಟ್ ದಾಟಿದ ಮೇಲೆ ಇಳಿಸೋದಂತೂ ಮಾಮೂಲು.

ಇಲ್ಲಿಗೆ ನಿಲ್ಲಿಸಿ

ಕಾರಿನೊಳಗೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಅಲ್ಲಿಗೆ ನಮ್ಮ ಗಡಿ ಮುಗೀತು. ಅದು ದೊಡ್ಡ ಬ್ಯಾಟರಿಯ ಲೈನು, ಹೆಚ್ಚಿನ ಕಾರುಗಳಲ್ಲಿ 300 ವೋಲ್ಟಿಗಿಂತ ಜಾಸ್ತಿ ಡಿ.ಸಿ. ಪ್ಲಗ್ ತೆಗೆದರೂ ಬ್ಯಾಟರಿ ಆಫ್ ಆಗಲ್ಲ. ಎಲ್ಲಾ ಕಡೆಯೂ ಚಾರ್ಜ್ ಆಗದಿದ್ದರೆ, ಇನ್ಸುಲೇಷನ್ ದೋಷ ಅಂತ ಸಂದೇಶ ಬಂದರೆ, ನೀರು ನಿಂತ ರಸ್ತೆಯಲ್ಲಿ ಕಾರು ಮುಳುಗಿದ್ದರೆ ನೇರ ಸರ್ವೀಸ್ ಸೆಂಟರ್. ವೋಲ್ಟೇಜ್ ಇಡೀ ಬೀದಿಗೇ ಕಮ್ಮಿ ಇದ್ದರೆ, ಕಂಬದ ನ್ಯೂಟ್ರಲ್ ಮೇಲೆ ಅನುಮಾನ ಇದ್ದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಮನೆಯೊಳಗಿನ ವೈರಿಂಗಿಗೆ ಲೈಸೆನ್ಸ್ ಇರೋ ವೈರ್‌ಮನ್.

ಇ.ವಿ. ನಮಗೆ ತೀರಾ ಹೊಸದೇನಲ್ಲ. 2001ರಲ್ಲೇ ಚೇತನ್ ಮೈನಿಯವರ ರೇವಾ ಬೆಂಗಳೂರಿನಲ್ಲಿ ರಸ್ತೆಗಿಳಿದಿತ್ತು, ಅದೂ ಮನೆಯ ಪವರ್ ಪ್ಲಗ್ಗಿನಿಂದಲೇ ಚಾರ್ಜ್ ಆಗ್ತಿತ್ತು. 2017ರಲ್ಲಿ ದೇಶದಲ್ಲೇ ಮೊದಲು ಇ.ವಿ. ನೀತಿ ತಂದ ರಾಜ್ಯ ನಮ್ಮದು. ಕಾರು ಬದಲಾಯ್ತು, ನೀತಿ ಬಂತು. ನಮ್ಮ ಮನೆಯ ಗೋಡೆಯೊಳಗಿನ ತಂತಿ ಮಾತ್ರ ಎಷ್ಟೋ ಕಡೆ ಹಳೆಯದೇ ಉಳಿದಿದೆ.

ಈ ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಕಾರು ಇರಲಿ ಬಿಡಲಿ, ವೈರ್‌ಮನ್ ಕರೆಸಿ ನಿಮ್ಮ ಮನೆಯ ಪವರ್ ಪ್ಲಗ್ಗುಗಳ ಆ ಮೂರು ಅಳತೆ ಬರೆದುಕೊಳ್ಳಿ, ಆರ್.ಸಿ.ಸಿ.ಬಿ. ಇದ್ದರೆ ಅದರ ಟೆಸ್ಟ್ ಬಟನ್ ಒಮ್ಮೆ ಒತ್ತಿ ನೋಡಿ. ಕಾಲೇಜು ಶುರುವಾದ ಮೇಲೆ ಅಂಕಿಗಳನ್ನು ತಂದು ಕೊಡಿ, ಮುಂದಿನ ಸಂಚಿಕೆಯಲ್ಲಿ ಎಲ್ಲಾ ಸೇರಿಸಿ ಒಂದು ಪಟ್ಟಿ ಹಾಕೋಣ. ಮೂರನೇ ಅಳತೆ ಎಲ್ಲಿ ಎಡವಟ್ಟು ಕಂಡರೂ, ಪಟ್ಟಿಗೆ ಕಾಯಬೇಡಿ. ಅವತ್ತೇ ಸರಿಮಾಡಿಸಿ.